ನೂರ ಎಂಬತ್ತು ಡಿಗ್ರಿ ಗಾಳಿ

ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತು ಕೊರಳಿಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡ ಮನುಷ್ಯನಿಗೆ ಎಲ್ಲಿಲ್ಲದ ಧೈರ್ಯ ಬರುತ್ತದೆ. ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆ ಎನ್ನಲು ಹೆದರುವವನು ಅಲ್ಲಿ ಕೂತು ಸರಕಾರಗಳನ್ನೇ ಬೀಳಿಸುತ್ತಾನೆ. ಕತ್ತಿ ಗಂಟಲ ಮೇಲಿದ್ದಾಗಲೂ ನಾಲಿಗೆ ಸುಮ್ಮನಿರುವುದಿಲ್ಲ. ನಮ್ಮ ಗುಮಾಸ್ತರ ಅವಾಂತರ ಶುರುವಾದದ್ದೂ ಹಾಗೆಯೇ, ಒಂದು ಭಾನುವಾರ ಬೆಳಿಗ್ಗೆ, ಅರ್ಧ ಮುಖಕ್ಕೆ ಸೋಪಿನ ನೊರೆ ಹಚ್ಚಿಸಿಕೊಂಡಿದ್ದಾಗ.

ಗುಮಾಸ್ತರು ಬಂದರಿನ ಕಚೇರಿಯ ಹವಾಮಾನ ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದರು. ಹೀಗೆಂದರೆ ಕೇಳಿದವರಿಗೆ ಏನೋ ಭಾರಿಯಾಗಿ ಕಾಣುತ್ತದೆ. ನಿಜ ಸಂಗತಿ ಇಷ್ಟೇ: ಕಟ್ಟಡದ ತಾರಸಿಯ ಮೇಲೆ ಗಾಳಿ ಅಳೆಯುವ ಯಂತ್ರವಿತ್ತು. ಅದನ್ನು ನೋಡಿ ಬರೆದುಕೊಳ್ಳಲು ಬೇರೊಬ್ಬರಿದ್ದರು. ಅವರು ಚೀಟಿಯಲ್ಲಿ ಗೀಚಿ ಕಳಿಸಿದ್ದನ್ನು ದೊಡ್ಡ ರಿಜಿಸ್ಟರಿಗೆ ದುಂಡಗಿನ ಅಕ್ಷರದಲ್ಲಿ ಇಳಿಸುವುದು ಇವರ ಕೆಲಸ. ಶಾಖ ಇಷ್ಟು, ತೇವ ಇಷ್ಟು, ಗಾಳಿಯ ವೇಗ ಇಷ್ಟು, ಗಾಳಿಯ ದಿಕ್ಕು ಇಷ್ಟು ಡಿಗ್ರಿ. ಉತ್ತರಕ್ಕೆ ಸೊನ್ನೆ, ಪೂರ್ವಕ್ಕೆ ತೊಂಬತ್ತು, ದಕ್ಷಿಣಕ್ಕೆ ನೂರ ಎಂಬತ್ತು. ಮೂರನೇ ಮಹಡಿಯ ಅವರ ಕೋಣೆಗೆ ಇದ್ದದ್ದು ಒಂದೇ ಕಿಟಕಿ, ಅದಕ್ಕೆ ಅಡ್ಡಲಾಗಿ ಹಳೆಯ ರಿಜಿಸ್ಟರುಗಳ ಬೀರು. ಹೀಗಾಗಿ ಇಪ್ಪತ್ತೆರಡು ವರ್ಷ ಗಾಳಿಯನ್ನೇ ಬರೆದರೂ ಕಚೇರಿಯಲ್ಲಿ ಅವರ ಮೈಗೆ ತಾಗಿದ್ದು ಫ್ಯಾನಿನ ಗಾಳಿ ಒಂದೇ.

ಅಂದು ಪಕ್ಕದ ಕುರ್ಚಿಯಲ್ಲಿ ಕೂತವರು ನಿವೃತ್ತ ಹೆಡ್‌ಮಾಸ್ತರು. ನಗರದ ಮ್ಯಾರಥಾನ್ ಸಮಿತಿಗೆ ಅವರೇ ಕಾರ್ಯದರ್ಶಿ. ಓಟದ ದಾರಿ ಕಡಲಬದಿಯ ರಸ್ತೆ. ಉತ್ತರದ ತುದಿಯಲ್ಲಿ ದೀಪಸ್ತಂಭ, ದಕ್ಷಿಣದ ತುದಿಯಲ್ಲಿ ಬಂದರು, ನಡುವೆ ನಲವತ್ತೆರಡು ಕಿಲೋಮೀಟರು, ನೂಲು ಹಿಡಿದಂತೆ ನೇರ. ಓಟ ಯಾವ ತುದಿಯಲ್ಲಿ ಮುಗಿಯುತ್ತದೋ ಆ ತುದಿಯ ಅಂಗಡಿಗಳಿಗೆ ಅಂದು ಹಬ್ಬ. ಆದ್ದರಿಂದ ಸಮಿತಿಯಲ್ಲಿ ದೀಪಸ್ತಂಭದ ಪಕ್ಷ, ಬಂದರಿನ ಪಕ್ಷ ಎಂದು ಎರಡಾಗಿ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತಿತ್ತು. ನಾಲ್ಕು ಸಭೆ ಆಗಿತ್ತು. ಐದನೆಯದಕ್ಕೆ ಹೆಡ್‌ಮಾಸ್ತರರ ರಕ್ತದೊತ್ತಡ ಒಪ್ಪುತ್ತಿರಲಿಲ್ಲ.

"ನಾಣ್ಯ ಚಿಮ್ಮಿಬಿಡೋಣ ಅಂತ ಇದೀನಿ," ಎಂದರು ಅವರು ಕ್ಷೌರಿಕನಿಗೆ.

"ನಾಣ್ಯ ಯಾಕೆ ಸಾರ್?" ಎಂದಿತು ಪಕ್ಕದ ನೊರೆ. "ಗಾಳಿ ನೋಡಿ ತೀರ್ಮಾನ ಮಾಡ್ಬೇಕು. ಗಾಳಿ ನೋಡದೆ ಓಟ ಇಡೋರು ಈ ಭೂಮಿ ಮೇಲೆ ಎಲ್ಲಾದ್ರೂ ಇದಾರಾ?"

ಕ್ಷೌರಿಕ ಕತ್ತಿ ಎತ್ತಿ ನಿಂತ. ಅವನಿಗೆ ಗಿರಾಕಿಗಳ ನಡುವೆ ಪರಿಚಯ ಮಾಡಿಸುವುದೆಂದರೆ ಪ್ರಾಣ. "ಇವರು ಯಾರು ಅನ್ಕೊಂಡ್ರಿ ಸಾರ್? ಬಂದರಿನ ಹವಾಮಾನ ಆಫೀಸು! ಗಾಳಿ ಇವರನ್ನ ಕೇಳಿ ಬೀಸುತ್ತೆ!"

ಗುಮಾಸ್ತರು ಅಲ್ಲೇ ಬಾಯಿ ಮುಚ್ಚಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಜೀವಮಾನದಲ್ಲಿ ಮೊದಲ ಸಲ ಒಬ್ಬ ಹೆಡ್‌ಮಾಸ್ತರು ಇವರ ಕಡೆ ಮರ್ಯಾದೆಯಿಂದ ತಿರುಗಿ ನೋಡಿದ್ದರು. "ಈ ಹದಿನೈದು ದಿನದಿಂದ ಎಡೆಬಿಡದೆ ನೂರ ಎಂಬತ್ತು ಡಿಗ್ರಿ," ಎಂದರು. "ಅಂದ್ರೆ ಗಾಳಿ ದಕ್ಷಿಣಕ್ಕೆ ಹೋಗ್ತಿದೆ. ಓಟದ ದಿನವೂ ಇದೇ. ದೀಪಸ್ತಂಭದಿಂದ ಬಂದರಿಗೆ ಓಡ್ಸಿ. ಗಾಳಿ ಬೆನ್ನಿಗಿರುತ್ತೆ. ಜನ ಓಡೋದೇ ಬೇಡ, ಕಾಲೆತ್ತಿದ್ರೆ ಸಾಕು."

ಇಲ್ಲಿ ಓದುಗರಿಗೆ ಒಂದು ಮಾತು ಹೇಳಿಬಿಡಬೇಕು. ಗಾಳಿ ಬರೆಯುವವರ ಲೋಕದಲ್ಲಿ ಆ ಅಂಕಿ ಗಾಳಿ ಹೋಗುವ ದಿಕ್ಕಲ್ಲ, ಬರುವ ದಿಕ್ಕು. ನೂರ ಎಂಬತ್ತು ಎಂದರೆ ದಕ್ಷಿಣದಿಂದ ಎದ್ದು ಉತ್ತರಕ್ಕೆ ನುಗ್ಗುವ ಗಾಳಿ. ಬೋಟಿನವರಿಗೆ ಗೊತ್ತು, ಬಂದರಿನ ಕೂಲಿಗಳಿಗೆ ಗೊತ್ತು, ತಾರಸಿಯ ಕಾಗೆಗಳಿಗೂ ಗೊತ್ತು. ಅದನ್ನು ದಿನಕ್ಕೆ ಎಂಟು ಸಲ ದುಂಡಗೆ ಬರೆಯುತ್ತಿದ್ದ ಒಬ್ಬರಿಗೆ ಮಾತ್ರ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ, ಇವರು ಕೇಳಿರಲಿಲ್ಲ.

ಐದನೆಯ ಸಭೆಗೆ ಗುಮಾಸ್ತರಿಗೆ ಮುದ್ರೆ ಒತ್ತಿದ ಕರೆಯೋಲೆ ಬಂತು. ಅಲ್ಲಿ ಇವರನ್ನು ಮೇಜಿನ ಮೇಲ್ತುದಿಯಲ್ಲಿ ಕೂರಿಸಿ, ಮುಂದೆ ನೀರಿನ ಬಾಟಲಿ ಇಟ್ಟರು. ಸಮಿತಿಯಲ್ಲಿದ್ದ ಔಷಧಿ ಅಂಗಡಿಯವರೊಬ್ಬರು ಮಾತ್ರ ದೀಪಸ್ತಂಭದ ಪಕ್ಷದವರಾದ್ದರಿಂದ ಸುಲಭಕ್ಕೆ ಬಗ್ಗಲಿಲ್ಲ. ಫೋನಿನಲ್ಲಿ ಹವಾಮಾನದ ನಕ್ಷೆ ತೆಗೆದು ಎತ್ತಿ ಹಿಡಿದರು.

"ಇದ್ರಲ್ಲಿ ಬಾಣ ಮೇಲ್ಮುಖವಾಗಿದೆಯಲ್ರೀ! ಗಾಳಿ ದೀಪಸ್ತಂಭದ ಕಡೆಗೇ ಹೋಗ್ತಿದೆ ಅಂತ ತೋರಿಸ್ತಿದೆ!"

ಗುಮಾಸ್ತರು ಸಾವಕಾಶವಾಗಿ ಕನ್ನಡಕ ಹಾಕಿಕೊಂಡು, ಫೋನನ್ನು ಈಸಿಕೊಂಡು, ಒಂದು ಕ್ಷಣ ನೋಡಿ, ತಲೆಕೆಳಗು ಮಾಡಿ ಅವರ ಕೈಗೆ ವಾಪಸು ಕೊಟ್ಟರು.

"ಈಗ ನೋಡಿ," ಎಂದರು.

ಬಾಣ ಕೆಳಗೆ ತಿರುಗಿತ್ತು. ಸಭೆಯಲ್ಲಿ ಚಪ್ಪಾಳೆ ಬಿತ್ತು. ಹೆಡ್‌ಮಾಸ್ತರು ಎದ್ದು, ಫೋನಿಗೆ ಸಹಿಯೂ ಇಲ್ಲ ಮೊಹರೂ ಇಲ್ಲ, ಮನುಷ್ಯನಿಗೆ ಎರಡೂ ಇದೆ ಎಂದು ಘೋಷಿಸಿದರು. ಓಟ ದೀಪಸ್ತಂಭದಿಂದ ಬಂದರಿಗೆ ಎಂದು ಕಡತದಲ್ಲಿ ದಾಖಲಾಯಿತು. ಕಾರಣ: ಗಾಳಿ ಬೆನ್ನಿಗೆ. ಕೆಳಗೆ ಗುಮಾಸ್ತರ ಸಹಿ, ಪಕ್ಕದಲ್ಲಿ ಹೊಸ ಪದವಿ: ಹವಾಮಾನ ಸಲಹೆಗಾರರು.

ಅಲ್ಲಿಂದ ಮುಂದೆ ಬೀದಿಯ ವರಸೆಯೇ ಬದಲಾಯಿತು. ಇಷ್ಟು ವರ್ಷ ಇವರನ್ನು ಯಾರೂ ಹೆಸರು ಹಿಡಿದು ಕರೆದದ್ದಿಲ್ಲ. 'ಟೈಲರಮ್ಮನ ಯಜಮಾನರು' ಎಂದರೆ ಮಾತ್ರ ಗುರುತು ಸಿಗುತ್ತಿತ್ತು. ಈಗ ಮೂಲೆಯಿಂದ ಮೂಲೆಗೆ 'ಗಾಳಿ ಸಾರ್'. ಎದುರುಮನೆ ಅಜ್ಜಿ ಸೆಖೆಗೆ ಯಾವ ಕಿಟಕಿ ತೆಗೆದಿಡಲಿ ಎಂದು ಕೇಳಿದಳು. ಇವರು ಉತ್ತರದ್ದು ಎಂದರು. ಅಜ್ಜಿ ಮೂರು ದಿನ ಬೆವೆತು, ಕಿಟಕಿಯನ್ನೇ ಬೈದಳು. ಗೇಟಿಗೆ ಬಣ್ಣ ಬಳಿಯುವವನು ಬಂದು ಯಾವ ಮಗ್ಗುಲಲ್ಲಿ ನಿಂತರೆ ಧೂಳು ಕೂರುವುದಿಲ್ಲ ಎಂದು ಕೇಳಿ ಹೋದ. ಸುಂಕದ ಕಚೇರಿಯಲ್ಲಿ ಅಧಿಕಾರಿಯಾಗಿದ್ದ ಭಾವಮೈದ, ಇಷ್ಟು ದಿನ ಅಕ್ಕನಿಗೆ ಮಾತ್ರ ಫೋನು ಮಾಡುತ್ತಿದ್ದವನು, "ಭಾವ, ಚೆನ್ನಾಗಿದೀರಾ? ಊಟ ಆಯ್ತಾ?" ಎಂದು ನೇರ ಇವರಿಗೇ ಮಾಡಿದ. ಗುಮಾಸ್ತರು ಅಂದು ಎರಡು ಸಲ ಊಟ ಮಾಡಿದರು.

ಶಾಲೆಯ ವಾರ್ಷಿಕೋತ್ಸವಕ್ಕೆ ಶಾಮಿಯಾನ ಹಾಕುವವರೂ ಸಲಹೆ ಕೇಳಿದರು. "ಬೆನ್ನು ಉತ್ತರಕ್ಕೆ, ಬಾಯಿ ದಕ್ಷಿಣಕ್ಕೆ ಇರಲಿ," ಎಂದರು ಗಾಳಿ ಸಾರ್. ಶಾಮಿಯಾನ ಹಾಗೆಯೇ ಬಾಯಿ ತೆರೆದು ನಿಂತಿತು. ಹತ್ತೂವರೆಗೆ ದಕ್ಷಿಣದ ಗಾಳಿ ಬಂತು, ಬಾಯೊಳಗೆ ಹೊಕ್ಕಿತು, ಶಾಮಿಯಾನ ಹೊಟ್ಟೆ ಉಬ್ಬಿಸಿಕೊಂಡು ಎದ್ದು, ಶಾಲೆಯ ಕಾಂಪೌಂಡು ದಾಟಿ, ಹಲ್ಲಿನ ಡಾಕ್ಟರ ಬೋರ್ಡಿನ ಮೇಲೆ ಮಲಗಿತು. ಮುಖ್ಯ ಅತಿಥಿಗಳು ಬಿಸಿಲಲ್ಲಿ ಭಾಷಣ ಮಾಡಿದರು.

ಸಂಜೆ ಶಾಮಿಯಾನದವರು ಬಂದು ಬಾಗಿಲಲ್ಲಿ ನಿಂತಾಗ ಗುಮಾಸ್ತರು ಒಮ್ಮೆ ಹಿತ್ತಲ ಬಾಗಿಲ ಕಡೆ ನೋಡಿದರು. ಆದರೆ ಪದವಿ ಎಂಬುದು ಬಾಯಿಗೆ ತಾನಾಗಿಯೇ ಮಾತು ಕಲಿಸುತ್ತದೆ.

"ಸ್ಥಳೀಯ ಸುಳಿಗಾಳಿ," ಎಂದರು ಗಂಭೀರವಾಗಿ. "ಅಪರೂಪಕ್ಕೊಮ್ಮೆ ಆಗುತ್ತೆ."

"ಅಯ್ಯೋ, ನಾವೇ ಅದನ್ನ ಲೆಕ್ಕಕ್ಕೆ ತಗೋಬೇಕಿತ್ತು ಸಾರ್, ತಪ್ಪಾಯ್ತು," ಎಂದು ಶಾಮಿಯಾನದವರೇ ಕೈ ಮುಗಿದು ಹೋದರು.

ಒಳಗೆ ಹೊಲಿಗೆ ಮೆಷಿನ್ನಿನ ಸದ್ದು ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು.

ಈಗ ಆ ಮೆಷಿನ್ನಿನ ಮುಂದೆ ಕೂತವಳ ವಿಷಯ. ಗುಮಾಸ್ತರ ಹೆಂಡತಿ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಳು. ನಲವತ್ತಾರನೇ ವಯಸ್ಸಿನಲ್ಲಿ ಯಾರ ಮಾತೂ ಕೇಳದೆ ಓಡಲು ಶುರು ಮಾಡಿದವಳು. ಹೋದ ವರ್ಷದ ಮ್ಯಾರಥಾನಿನಲ್ಲಿ ಮೂವತ್ತೆಂಟನೇ ಕಿಲೋಮೀಟರಿನವರೆಗೂ ಓಡಿದ್ದಳು. ಎಲ್ಲರ ಹಿಂದೆ ಸಮಿತಿಯದೊಂದು ಬಸ್ಸು ಇಡೀ ಓಟಕ್ಕೆ ಆರು ಗಂಟೆ ಕಾಲಾವಕಾಶ ಎಂಬ ಲೆಕ್ಕಕ್ಕೆ ಸರಿಯಾಗಿ ನಿಧಾನ ಬರುತ್ತದೆ. ಅದು ಯಾರನ್ನು ಮುಟ್ಟುತ್ತದೋ ಅವರು ಓಟ ಬಿಟ್ಟು ಬಸ್ಸು ಹತ್ತಬೇಕು. ಕೊನೆಯ ನಾಲ್ಕು ಕಿಲೋಮೀಟರು ಆಕೆ ಕಿಟಕಿಗೆ ಹಣೆ ಆನಿಸಿಕೊಂಡು ಬಂದಿದ್ದಳು. ಬಸ್ಸಿನಿಂದ ಇಳಿಯುವುದನ್ನು ಇಡೀ ಬೀದಿ ನೋಡಿತ್ತು. 'ಬಸ್ಸಿನಲ್ಲಿ ಮ್ಯಾರಥಾನ್ ಮುಗಿಸಿದವರು' ಎಂದು ಬ್ಲೌಸು ಹೊಲಿಸಲು ಬಂದವರೂ ನಕ್ಕಿದ್ದರು. ಈ ವರ್ಷ ಓಟ ಮುಗಿಯುವ ಗೆರೆಯನ್ನು ತನ್ನ ಕಾಲಿನ ಮೇಲೇ ದಾಟಬೇಕು ಎಂಬುದೊಂದೇ ಆಕೆಯ ಹಟ. ಅದಕ್ಕಾಗಿ ಒಂದು ವರ್ಷ ಬೆಳಿಗ್ಗೆ ಐದಕ್ಕೆ ಎದ್ದಿದ್ದಳು.

"ರೀ, ಗಾಳಿ ಬೆನ್ನಿಗೇ ಇರುತ್ತೆ ಅಂತ ನಿಮಗೆ ಗ್ಯಾರಂಟಿ ಗೊತ್ತಾ?" ಎಂದು ಆಕೆ ಒಂದೇ ಒಂದು ಸಲ ಕೇಳಿದಳು, ದಾರ ಪೋಣಿಸುತ್ತ.

"ನಿನಗೋಸ್ಕರಾನೇ ಅಲ್ವೇನೇ ನಾನು ಇಷ್ಟು ತಲೆ ಕೆಡಿಸ್ಕೊಂಡಿದ್ದು? ಈ ಸಲ ಬಸ್ಸು ನಿನ್ನ ನೆರಳೂ ಮುಟ್ಟಲ್ಲ. ಇಪ್ಪತ್ತೆರಡು ವರ್ಷದ ಅನುಭವ ಕಣೇ ಇದು. ಹಿತ್ತಲ ಗಿಡ ಮದ್ದಲ್ಲ ಅಂತ ನೀನೇ ನಂಬದಿದ್ರೆ ಹೇಗೆ?"

ಮರುದಿನದಿಂದ ಆಕೆ ಅಭ್ಯಾಸದ ಕ್ರಮ ಬದಲಾಯಿಸಿದಳು. ಮನೆ ಬಂದರಿನ ಹತ್ತಿರ. ಆಕೆ ಬೆಳಿಗ್ಗೆ ಎಂಟರ ಹೊತ್ತಿಗೆ ಆಟೋ ಹಿಡಿದು ಉತ್ತರಕ್ಕೆ ಹತ್ತು ಹನ್ನೆರಡು ಕಿಲೋಮೀಟರು ಹೋಗಿ, ಅಲ್ಲಿಂದ ಮನೆಗೆ ಓಡಿಕೊಂಡು ಬರತೊಡಗಿದಳು. ಗುಮಾಸ್ತರಿಗೆ ಇದನ್ನು ಕಂಡು ಹೆಮ್ಮೆಯೋ ಹೆಮ್ಮೆ. ನೋಡಿ, ಬುದ್ಧಿವಂತೆ, ನಾನು ಹೇಳಿದ ಮೇಲೆ ಗಾಳಿಯನ್ನು ಬೆನ್ನಿಗಿಟ್ಟುಕೊಂಡು ಓಡುತ್ತಾಳೆ ಎಂದು ಕ್ಷೌರದಂಗಡಿಯಲ್ಲಿ ಹೇಳಿಕೊಂಡರು.

ಓಟದ ದಿನ ಬಂತು. ಬೆಳಿಗ್ಗೆ ಐದೂವರೆಗೆ ದೀಪಸ್ತಂಭದ ಬುಡದಲ್ಲಿ ಎರಡು ಸಾವಿರ ಜನ. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಗುಮಾಸ್ತರಿಗೆ ಹಳದಿ ಟೋಪಿ, ಎದೆಗೆ ಅಂಗೈಯಗಲದ ಬಿಲ್ಲೆ, ಬಸ್ಸಿನಲ್ಲಿ ಡ್ರೈವರ ಪಕ್ಕದ ಸೀಟು, ತೊಡೆಯ ಮೇಲೆ ನಿಯಮಗಳ ಕೆಂಪು ಕಡತ. ಹೆಡ್‌ಮಾಸ್ತರು ಬಂದರಿನ ತುದಿಯಲ್ಲಿ ಮೈಕು ಹಿಡಿದು ಕೂತಿದ್ದರು. ದಾರಿಯುದ್ದಕ್ಕೂ ಕಂಬಕ್ಕೊಂದು ಧ್ವನಿವರ್ಧಕ ಕಟ್ಟಿಸಿದ್ದರು. "ಇಂದು ಗಾಳಿ ಬೆನ್ನಿಗಿದೆ, ಸ್ಪರ್ಧಿಗಳು ಅತಿ ವೇಗದಿಂದ ಬೀಳದಂತೆ ಎಚ್ಚರ ವಹಿಸಬೇಕು," ಎಂದು ಅವರ ದನಿ ನಲವತ್ತೆರಡು ಕಿಲೋಮೀಟರೂ ಮೊಳಗಿತು.

ಏಳೂವರೆಗೆ ಗಾಳಿ ಎದ್ದಿತು.

ಮೊದಲು ಬಸ್ಸಿನ ಮುಂದಿನ ಗಾಜಿಗೆ ಒಂದು ಕಾಗದದ ಲೋಟ ಬಂದು ಬಡಿಯಿತು. ಆಮೇಲೆ ಒಂದು ಟೋಪಿ. ಆಮೇಲೆ ಸ್ವಾಗತದ ಬ್ಯಾನರು ಇಡಿಯಾಗಿ ಬಂದು, 'ನಿಮಗೆ ಶುಭವಾಗಲಿ' ಎಂದು ಗಾಜಿಗೆ ಅಂಟಿಕೊಂಡಿತು. ಡ್ರೈವರು ಬ್ರೇಕು ಹಾಕಿ, ಇಳಿದು ಅದನ್ನು ಕಿತ್ತು ಬಂದ. ಮುಂದೆ ಮೂವತ್ತು ನಲವತ್ತು ಜನ ಕೊನೆಯ ಓಟಗಾರರು ತಲೆ ತಗ್ಗಿಸಿ, ಗೋಡೆ ತಳ್ಳುವವರ ಹಾಗೆ ಬಾಗಿ ಹೋಗುತ್ತಿದ್ದರು. ಬಿಳಿ ಟೋಪಿಯ ಮುದುಕರೊಬ್ಬರು ಎರಡು ಹೆಜ್ಜೆ ಮುಂದೆ ಇಟ್ಟರೆ ಗಾಳಿ ಒಂದು ಹೆಜ್ಜೆ ಹಿಂದೆ ತರುತ್ತಿತ್ತು.

"ಸ್ಥಳೀಯ ಸುಳಿಗಾಳಿ," ಎಂದರು ಗುಮಾಸ್ತರು.

ಡ್ರೈವರು ಹಿಂದೆ ಬೋಟಿನಲ್ಲಿ ದುಡಿದವನು. "ಎಲ್ಲಿ ಸಾರ್ ಸುಳಿ? ಒಂದು ತಿಂಗಳಿಂದ ಇದೇ ಗಾಳಿ. ನಿಮ್ಮ ಆಫೀಸಿಂದಾನೇ ಬೋಟಿನವರಿಗೆ ಹೇಳ್ತಾರಲ್ಲ, ನೂರ ಎಂಬತ್ತು ಅಂತ?"

"ಹೌದಪ್ಪ, ನೂರ ಎಂಬತ್ತು! ಅಂದ್ರೆ ದಕ್ಷಿಣಕ್ಕೆ ಹೋಗ್ಬೇಕಲ್ಲ!"

ಡ್ರೈವರು ಸ್ಟೇರಿಂಗು ಹಿಡಿದುಕೊಂಡೇ ಇವರ ಕಡೆ ತಿರುಗಿ, ತಮಾಷೆ ಮಾಡುತ್ತಿದ್ದಾರೋ ಏನೋ ಎಂದು ಮುಖ ನೋಡಿದ. ತಮಾಷೆಯಾಗಿರಲಿಲ್ಲ. "ಸಾರ್," ಎಂದ ಮೆಲ್ಲಗೆ, ಸಾವಿನ ಸುದ್ದಿ ಹೇಳುವವನ ಹಾಗೆ, "ಅದು ಗಾಳಿ ಬರೋ ದಿಕ್ಕು. ಹೋಗೋದಲ್ಲ."

ಗುಮಾಸ್ತರು ಹಳದಿ ಟೋಪಿ ತೆಗೆದು ತೊಡೆಯ ಮೇಲಿಟ್ಟರು. ಇಪ್ಪತ್ತೆರಡು ವರ್ಷದ ದುಂಡಗಿನ ಅಕ್ಷರಗಳೆಲ್ಲ ಕಣ್ಣೆದುರು ಹಿಂದುಮುಂದಾಗಿ ನಿಂತವು. ಶಾಮಿಯಾನ ನೆನಪಾಯಿತು, ಅಜ್ಜಿಯ ಕಿಟಕಿ ನೆನಪಾಯಿತು. ಆಮೇಲೆ ಹೆಂಡತಿ ನೆನಪಾದಳು. ಆಕೆ ಈ ಗುಂಪಿನಲ್ಲಿರಲಿಲ್ಲ, ಎಲ್ಲೋ ಮುಂದಿದ್ದಳು. ಎಷ್ಟು ಮುಂದೆ? ಈ ಗಾಳಿಯಲ್ಲಿ ಎಷ್ಟು ಹೊತ್ತು ಮುಂದಿದ್ದಾಳು? ಈ ಬಸ್ಸು ಹೋಗಿ ಆಕೆಯನ್ನು ಮುಟ್ಟುತ್ತದೆ, ಬಾಗಿಲು ತೆಗೆಯುತ್ತದೆ, ಬಾಗಿಲಲ್ಲಿ ಬಿಲ್ಲೆ ಹಾಕಿಕೊಂಡು ನಾನು ನಿಂತಿರುತ್ತೇನೆ.

ಫೋನು ತೆಗೆದು ಹೆಡ್‌ಮಾಸ್ತರರಿಗೆ ಮಾಡಿದರು. "ಸಾರ್, ಗಾಳಿ ಎದುರಿಗಿದೆ!"

"ಇಲ್ಲ," ಎಂದರು ಹೆಡ್‌ಮಾಸ್ತರು. "ಕಡತದಲ್ಲಿ ಬೆನ್ನಿಗಿದೆ. ನಿಮ್ಮದೇ ಸಹಿ ಇದೆ."

"ಜನ ಮುಂದಕ್ಕೆ ಹೋಗೋಕೆ ಆಗ್ತಿಲ್ಲ ಸಾರ್!"

"ಹಾಗಾದ್ರೆ ಅವರಿಗೆ ಅಭ್ಯಾಸ ಸಾಲದು. ಒಂದ್ನಿಮಿಷ ತಡೀರಿ, ನನ್ನ ಮೇಜಿನ ಬಟ್ಟೆ ಹಾರಿ ಹೋಯ್ತು." ಆ ಕಡೆ ಏನೋ ದಡಬಡ ಸದ್ದಾಯಿತು. ಬಳಿಕ ಹೆಡ್‌ಮಾಸ್ತರರ ದನಿ ಕೊಂಚ ತಗ್ಗಿತು. "ಏನ್ರೀ ಇದು? ನನ್ನ ಕನ್ನಡಕವೂ ದೀಪಸ್ತಂಭದ ಕಡೆ ಹೋಯ್ತು."

"ಬಸ್ಸು ನಿಲ್ಸೋಕೆ ಅಪ್ಪಣೆ ಕೊಡಿ ಸಾರ್. ಅರ್ಧ ಗಂಟೆ. ಅಷ್ಟು ಹೊತ್ತು ಎಲ್ಲರಿಗೂ ಹೆಚ್ಚಿಗೆ ಸಿಗಲಿ."

"ಅಪ್ಪಣೆ ನಾನು ಕೊಡೋದಲ್ಲ, ನಿಯಮ ಕೊಡೋದು. ಹದಿನೇಳನೇ ನಿಯಮ ತೆಗೀರಿ."

ಗುಮಾಸ್ತರು ಕೆಂಪು ಕಡತ ಬಿಡಿಸಿದರು. ಹೆಡ್‌ಮಾಸ್ತರು ತಾವೇ ಕೂತು ಬರೆದ ನಿಯಮ. ಅದರಲ್ಲಿ ಇಲಿ ನುಸುಳಲೂ ಸಂದಿ ಇರಲಿಲ್ಲ. ಹವಾಮಾನ ತಾನಾಗಿ ಬದಲಾದರೆ ಅದು ಪ್ರಕೃತಿಯ ಇಚ್ಛೆ, ಯಾವ ರಿಯಾಯಿತಿಯೂ ಇಲ್ಲ. ಸಮಿತಿಯ ಸಲಹೆಯೇ ತಪ್ಪಾಗಿದ್ದರೆ ಮಾತ್ರ ಸ್ಪರ್ಧಿಗಳಿಗೆ ಅರ್ಧ ಗಂಟೆ ಹೆಚ್ಚಿನ ಕಾಲ. ಆದರೆ ತಪ್ಪು ಮಾಡಿದವರು ಹಾಗೆಂದು ಬರೆದು ಸಹಿ ಹಾಕಬೇಕು, ಮತ್ತು ಅದನ್ನು ಧ್ವನಿವರ್ಧಕದಲ್ಲಿ ಮೂರು ಸಲ ಓದಿ ಹೇಳಬೇಕು.

"ನೋಡಿ," ಎಂದರು ಹೆಡ್‌ಮಾಸ್ತರು ಅಕ್ಕರೆಯಿಂದ, "ನನಗೆ ನಿಮ್ಮ ಮೇಲೆ ಗೌರವ ಇದೆ. ಗಾಳಿ ದಿಢೀರ್ ಅಂತ ತಿರುಗಿತು ಅಂತ ಬರೆದುಬಿಡಿ. ಪ್ರಕೃತಿ ಅಂದ್ಮೇಲೆ ಯಾರು ಏನು ಮಾಡೋಕಾಗುತ್ತೆ? ನಿಮ್ಮ ಮಾನವೂ ಉಳೀತು, ನನ್ನ ಕಡತವೂ ಉಳೀತು. ಮುಂದಿನ ವರ್ಷಕ್ಕೂ ನೀವೇ ಸಲಹೆಗಾರರು."

ಗಾಳಿ ಬಂದಾಗ ತೂರಿಕೋ ಎಂದು ಹಿರಿಯರು ಹೇಳಿದ್ದಾರೆ. ತೂರಿಕೊಳ್ಳಲು ಇದಕ್ಕಿಂತ ಒಳ್ಳೆಯ ಗಾಳಿ ಯಾರಿಗೂ ಸಿಕ್ಕಿರಲಾರದು. ಗುಮಾಸ್ತರು ಎದೆಯ ಬಿಲ್ಲೆಯನ್ನು ನೋಡಿಕೊಂಡರು. ಗಾಜಿನಾಚೆ ಬಿಳಿ ಟೋಪಿಯ ಮುದುಕರು ಹಿಂದಿರುಗಿ ಬಸ್ಸನ್ನು ನೋಡಿದರು. ಆ ನೋಟ ಗುಮಾಸ್ತರಿಗೆ ಗುರುತಿತ್ತು. ಹೋದ ವರ್ಷ ಬಸ್ಸಿನಿಂದ ಇಳಿದವಳ ಕಣ್ಣಲ್ಲಿ ಅದೇ ಇತ್ತು.

"ಪೆನ್ನು ಕೊಡಪ್ಪ," ಎಂದರು ಡ್ರೈವರಿಗೆ.

ಬರೆದರು. ಜೀವನದಲ್ಲಿ ಮೊದಲ ಸಲ ಅವರ ಅಕ್ಷರ ದುಂಡಗೆ ಬರಲಿಲ್ಲ. ಫೋಟೋ ತೆಗೆದು ಕಳಿಸಿದರು. ಡ್ರೈವರು ಬಸ್ಸನ್ನು ರಸ್ತೆಯ ಬದಿಗೆ ಹಾಕಿ ಎಂಜಿನ್ ಆರಿಸಿದ. ಎರಡು ನಿಮಿಷದ ಬಳಿಕ ಕಂಬಗಳೆಲ್ಲ ಒಟ್ಟಿಗೆ ಗಂಟಲು ಸರಿಮಾಡಿಕೊಂಡವು.

"ಸ್ಪರ್ಧಿಗಳ ಗಮನಕ್ಕೆ. ಹವಾಮಾನ ಸಲಹೆಗಾರರು ಈ ಕೆಳಗಿನಂತೆ ಬರೆದುಕೊಟ್ಟಿದ್ದಾರೆ. 'ಗಾಳಿ ಎದುರಿಗಿದೆ. ಬೆನ್ನಿಗಿದೆ ಎಂದು ನಾನು ಹೇಳಿದ್ದು ತಪ್ಪು. ಗಾಳಿ ತಿರುಗಿಲ್ಲ, ಮೊದಲಿಂದಲೂ ಹೀಗೆಯೇ ಇತ್ತು. ಇಪ್ಪತ್ತೆರಡು ವರ್ಷ ಬರೆದರೂ ನನಗೆ ಗಾಳಿಯ ದಿಕ್ಕು ತಿಳಿದಿರಲಿಲ್ಲ. ಶಾಮಿಯಾನವೂ ನನ್ನಿಂದಲೇ ಹಾರಿತು.' ಶಾಮಿಯಾನದ ವಿಷಯ ಈ ಕಡತಕ್ಕೆ ಸಂಬಂಧಿಸಿದ್ದಲ್ಲ, ಆದರೂ ಬರೆದಿರುವುದರಿಂದ ಓದಿದ್ದೇನೆ. ಎಲ್ಲರಿಗೂ ಅರ್ಧ ಗಂಟೆ ಹೆಚ್ಚಿನ ಕಾಲ ಕೊಡಲಾಗಿದೆ."

ಹೀಗೆ ಮೂರು ಸಲ. ಮೂರನೆಯ ಸಲಕ್ಕೆ ರಸ್ತೆಬದಿಯ ಜನ ಜೊತೆಗೇ ಹೇಳತೊಡಗಿದ್ದರು. ನೀರು ಕೊಡುವ ಹೆಂಗಸರು ಬಂದು ಬಸ್ಸಿನ ಕಿಟಕಿಯಲ್ಲಿ ಇಣುಕಿ ಹೋದರು. ಕ್ಷೌರಿಕನ ಫೋನು ಬಂತು: "ಸಾರ್, ನಾನು ಯಾವಾಗ್ಲೂ ಹೇಳ್ತಿದ್ದೆ, ನೀವು ಅಂಥವರಲ್ಲ ಅಂತ." ಯಾವ ಅಂಥವರು ಎಂದು ಗುಮಾಸ್ತರು ಕೇಳಲಿಲ್ಲ. ಸಮಾಧಾನದ ಮಾತಿಗಾಗಿ ಅವರೇ ಭಾವಮೈದನಿಗೆ ಫೋನು ಮಾಡಿದರೆ, ಆತ ಗಂಭೀರವಾಗಿ "ರಾಂಗ್ ನಂಬರ್" ಎಂದು ಇಟ್ಟುಬಿಟ್ಟ.

ಅರ್ಧ ಗಂಟೆಯ ಮೇಲೆ ಬಸ್ಸು ಹೊರಟಿತು. ದಾರಿಯಲ್ಲಿ ಸಿಕ್ಕ ಪ್ರತಿಯೊಂದು ಪ್ರಥಮ ಚಿಕಿತ್ಸೆಯ ಡೇರೆಗೂ ಗುಮಾಸ್ತರು ಇಳಿದು ಓಡಿದರು. "ನೀಲಿ ಅಂಗಿ, ಟೈಲರು, ನಲವತ್ತೇಳು ವರ್ಷ, ಬಿದ್ದಿದಾಳಾ?" ಯಾರೂ ಬಿದ್ದಿರಲಿಲ್ಲ. ಮೂವತ್ತೆಂಟನೇ ಕಿಲೋಮೀಟರಿನ ಕಲ್ಲು ಬಂದಾಗ ಅವರು ಸೀಟಿನಿಂದ ಎದ್ದು ಗಾಜಿಗೆ ಮೂಗು ಹಚ್ಚಿ ನಿಂತರು. ಮುಂದೆ ಬಿಳಿ ಟೋಪಿ ಕಾಣುತ್ತಿತ್ತು, ನೀಲಿ ಅಂಗಿ ಕಾಣುತ್ತಿರಲಿಲ್ಲ. ಮನೆಗೆ ಹೋಗಿಬಿಟ್ಟಳೋ, ನನ್ನ ಮೇಲಿನ ಸಿಟ್ಟಿಗೆ ತವರಿಗೇ ಹೋದಳೋ ಎಂದೆಲ್ಲ ಯೋಚನೆ ಬಂತು.

ಬಸ್ಸು ಬಂದರನ್ನು ಮುಟ್ಟಿದಾಗ ಹನ್ನೆರಡು ಗಂಟೆ. ಒಳಗೆ ಡ್ರೈವರು ಮತ್ತು ಗುಮಾಸ್ತರು ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ. ಓಟದ ಇತಿಹಾಸದಲ್ಲೇ ಮೊದಲ ಸಲ ಆ ಬಸ್ಸು ಖಾಲಿ ಬಂದಿತ್ತು.

ಗುಮಾಸ್ತರು ಇಳಿದು ಹತ್ತು ಹೆಜ್ಜೆ ಹೋಗಿರಲಿಲ್ಲ, ಕಂಡಳು. ಮೀನಿನ ಬುಟ್ಟಿಗಳ ಕಟ್ಟೆಯ ಮೇಲೆ ಕಾಲು ಚಾಚಿ, ಬೂಟು ಬಿಚ್ಚಿ ಪಕ್ಕದಲ್ಲಿಟ್ಟು ಕೂತಿದ್ದಳು. ಕೂದಲ ತುಂಬ ಮರಳು. ಕೊರಳಲ್ಲಿ ಪದಕ.

"ಮುಗಿಸಿದ್ಯಾ?" ಎಂದರು ಗುಮಾಸ್ತರು.

"ಹೂಂ. ಹನ್ನೊಂದು ಇಪ್ಪತ್ತೇಳಕ್ಕೆ."

ಗುಮಾಸ್ತರು ಬೆರಳು ಮಡಚಿ ಎಣಿಸಿದರು. ಐದೂವರೆಗೆ ಹೊರಟಿದ್ದು. ಆರು ಗಂಟೆ ಅಂದರೆ ಹನ್ನೊಂದೂವರೆ. ಇನ್ನೂ ಮೂರು ನಿಮಿಷ ಉಳಿದಿತ್ತು. "ಹಾಗಾದ್ರೆ ನನ್ನ ಅರ್ಧ ಗಂಟೆ ನಿನಗೆ ಬೇಕಾಗ್ಲೇ ಇಲ್ಲ?"

"ಇನ್ನೂ ಮೊದಲೇ ಬರ್ತಿದ್ದೆ. ಇಪ್ಪತ್ತೈದನೇ ಕಿಲೋಮೀಟರಲ್ಲಿ ನಿಮ್ಮ ಶಾಮಿಯಾನದ ಮಾತು ಕೇಳಿ ನಗು ತಡೆಯೋಕಾಗಲಿಲ್ಲ. ನಗ್ತಾ ಓಡೋಕಾಗುತ್ತಾ? ಎರಡು ನಿಮಿಷ ನಿಂತೆ."

"ಈ ಎದುರುಗಾಳೀಲಿ ಹೇಗೆ ಓಡಿದ್ಯೇ?"

"ಹದಿನೈದು ದಿನದಿಂದ ಎದುರುಗಾಳೀಲೇ ಓಡ್ತಿದ್ನಲ್ಲ, ಆಟೋದಲ್ಲಿ ಹೋಗಿ." ಆಕೆ ನೀರು ಕುಡಿದು ಬಾಟಲಿ ಕೆಳಗಿಟ್ಟಳು. "ದಿನಾ ಮಹಡಿ ಮೇಲೆ ಬಟ್ಟೆ ಹರವೋಳು ನಾನು ಕಣ್ರೀ. ಗಾಳಿ ಎತ್ತಲಿಂದ ಬರುತ್ತೆ ಅಂತ ನಂಗೆ ಗೊತ್ತಿಲ್ವಾ?"

"ಗೊತ್ತಿದ್ರೆ ಹೇಳ್ಬಾರದಿತ್ತಾ?" ಎಂದರು ಗುಮಾಸ್ತರು.

"ಒಂದ್ಸಲ ಕೇಳಿದ್ನಲ್ಲ. ಆಮೇಲೆ ಮನಸ್ಸಾಗಲಿಲ್ಲ." ಆಕೆ ಬೂಟಿನೊಳಗಿನ ಮರಳು ಕೊಡವಿದಳು. "ಇಪ್ಪತ್ತೆರಡು ವರ್ಷ ನಿಮ್ಮನ್ನ ಯಾರೂ ಏನೂ ಕೇಳಿರಲಿಲ್ಲ. ಈ ಹದಿನೈದು ದಿನ ಬೀದಿಗೆ ಬೀದೀನೇ ಬಂದು ಕೇಳ್ತು. ಬೆಳಿಗ್ಗೆ ಎದ್ದು ಶರ್ಟಿಗೆ ಇಸ್ತ್ರಿ ಹಾಕ್ಕೊಳ್ತಿದ್ರಿ. ಅದನ್ನ ನಾನ್ಯಾಕೆ ಕೆಡಿಸ್ಲಿ? ಎದುರುಗಾಳಿ ತಾನೆ, ಇನ್ನೊಂಚೂರು ಜೋರಾಗಿ ಓಡಿದ್ರಾಯ್ತು ಅಂದ್ಕೊಂಡೆ. ಬೇರೆಯವರ ಬಗ್ಗೆ ಯೋಚನೆ ಮಾಡ್ಲಿಲ್ಲ, ಅದು ನನ್ನ ತಪ್ಪು. ಅದನ್ನ ನೀವು ಸರಿ ಮಾಡಿದ್ರಿ."

ಗುಮಾಸ್ತರು ಅತ್ತರು. ನಡುಮಧ್ಯಾಹ್ನ, ಬಂದರಿನ ಜನದ ಎದುರು, ಹಳದಿ ಟೋಪಿಯನ್ನು ಮುಖಕ್ಕೊತ್ತಿಕೊಂಡು ಅತ್ತರು. ನನ್ನ ಮಾನ ಕಾಯಲು ಈಕೆ ಹದಿನೈದು ದಿನ ಗಾಳಿಗೆ ಎದೆ ಕೊಟ್ಟಿದ್ದಾಳೆ. ಈಕೆಯ ಓಟ ಕಾಯಲು ನಾನು ಆ ಮಾನವನ್ನು ನಲವತ್ತೆರಡು ಕಿಲೋಮೀಟರು ಉದ್ದ ಹರಾಜು ಹಾಕಿದ್ದೇನೆ. ಲೆಕ್ಕ ನೋಡಿದರೆ ಇಬ್ಬರ ಪ್ರಯತ್ನವೂ ದಂಡ. ಆದರೂ ಅವರಿಗೆ ಅಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ.

ಅರ್ಧ ಗಂಟೆಯ ರಿಯಾಯಿತಿಯಲ್ಲಿ ಗೆರೆ ದಾಟಿದ್ದವರು ಮೂವತ್ತನಾಲ್ಕು ಜನ. ಬಿಳಿ ಟೋಪಿಯ ಮುದುಕರು ಕುಂಟುತ್ತ ಹುಡುಕಿಕೊಂಡು ಬಂದರು. ಹೊಡೆಯುತ್ತಾರೇನೋ ಎಂದು ಗುಮಾಸ್ತರು ಒಂದು ಹೆಜ್ಜೆ ಹಿಂದೆ ಸರಿದರು.

"ನೀವೇನಾ ಗಾಳಿ ಗೊತ್ತಿಲ್ಲದವರು?"

"ನಾನೇ ಸ್ವಾಮಿ."

"ಎ‌ಪ್ಪತ್ತೊಂದು ವರ್ಷ ನನಗೆ. ನಿಮ್ಮಿಂದ ಅರ್ಧ ಪ್ರಾಣ ಹೋಯ್ತು." ಮುದುಕರು ಪದಕವನ್ನು ಎತ್ತಿ ತೋರಿಸಿದರು. "ಇದೂ ನಿಮ್ಮಿಂದಲೇ ಬಂತು. ಬೈಯೋಣ ಅಂತ ಬಂದೆ, ಆದ್ರೆ ಉಸಿರಿಲ್ಲ. ನಾಳೆ ಬೈತೀನಿ, ಮನೆ ಎಲ್ಲಿ ಹೇಳಿ." ಹಾಗೆನ್ನುತ್ತ ಗುಮಾಸ್ತರ ಕೈ ಹಿಡಿದು ಕುಲುಕಿದವರು, ಬಹಳ ಹೊತ್ತು ಬಿಡಲಿಲ್ಲ. ಬಹುಶಃ ನಿಲ್ಲಲು ಆಸರೆ ಬೇಕಿತ್ತು.

ಹೆಡ್‌ಮಾಸ್ತರು ಬಂದು ಬಿಲ್ಲೆಯನ್ನು ವಾಪಸು ಪಡೆದು, ರಸೀದಿ ಕೊಟ್ಟರು. ಡ್ರೈವರು ಬಸ್ಸನ್ನು ತಿರುಗಿಸಿ ತಂದು ಇವರ ಮುಂದೆ ನಿಲ್ಲಿಸಿದ.

"ಬನ್ನಿ ಅಕ್ಕಾ, ಹತ್ತಿ. ಮನೆ ಹತ್ರ ಇಳಿಸ್ತೀನಿ. ಕಾಲು ನೋಯ್ತಿರುತ್ತೆ."

ಆಕೆ ತೆರೆದ ಬಾಗಿಲನ್ನೂ ಅದರ ಮೆಟ್ಟಿಲನ್ನೂ ಒಂದು ಸಲ ನೋಡಿದಳು. "ಬೇಡಪ್ಪ," ಎಂದಳು. "ಕಾಲು ನೋಯ್ತಿದೆ, ನಿಜ. ನೋಯ್ಲಿ. ಈ ಬಸ್ಸು ಮಾತ್ರ ಹತ್ತಲ್ಲ."

ಮನೆ ಅಲ್ಲಿಂದ ಉತ್ತರಕ್ಕೆ ಹತ್ತು ನಿಮಿಷದ ದಾರಿ. ಇಬ್ಬರೂ ನಡೆದೇ ಹೊರಟರು. ಆಕೆ ಗಂಡನ ಹೆಗಲ ಮೇಲೆ ಕೈಯಿಟ್ಟಿದ್ದಳು, ಗುಮಾಸ್ತರು ಬೂಟುಗಳನ್ನು ಹಿಡಿದುಕೊಂಡಿದ್ದರು. ಸ್ವಲ್ಪ ದೂರ ಹೋದ ಮೇಲೆ ಗುಮಾಸ್ತರಿಗೆ ಬಾಯಿ ತಡೆಯಲಿಲ್ಲ.

"ಈಗ ನೋಡೇ, ಗಾಳಿ ಬೆನ್ನಿಗಿದೆ," ಎಂದರು.

"ನೋಡಿ ಹೇಳ್ತಿದೀರಾ, ಸುಮ್ನೆ ಹೇಳ್ತಿದೀರಾ?"

ಗುಮಾಸ್ತರು ನಿಂತರು. ಜೇಬಿನಿಂದ ಕರವಸ್ತ್ರ ತೆಗೆದು, ತುದಿ ಹಿಡಿದು ಎತ್ತಿದರು. ಅದು ಪಟಪಟನೆ ಮುಂದಕ್ಕೆ, ಮನೆಯ ಕಡೆಗೆ ಹಾರಿತು. ಇಪ್ಪತ್ತೆರಡು ವರ್ಷದಲ್ಲಿ ಗುಮಾಸ್ತರು ಕಣ್ಣಾರೆ ಕಂಡ ಮೊದಲ ಗಾಳಿ ಅದು.

"ನೋಡೇ ಹೇಳ್ತಿದೀನಿ," ಎಂದರು. "ಬೆನ್ನಿಗೇ ಇದೆ. ನಡಿ."